ಹೊಳೆಯಬಾರದ ಬೋಗುಣಿ

"ಅವನು ಬಣ್ಣ ಬಳಿದ ಬಾಗಿಲಿದ್ದರೆ ಮನೆಗೆ ಕನ್ನಡಿ ಯಾಕೆ?" ಎಂದು ಬೀದಿಯವರು ಹೇಳುತ್ತಿದ್ದರು. ಹೇಳಿದ್ದಷ್ಟೇ ಅಲ್ಲ, ಎದುರುಮನೆಯ ದರ್ಜಿ ನಿಜಕ್ಕೂ ಅವನು ಬಳಿದ ಬಾಗಿಲ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂದು ದಿನ ಒಳಗಿನವರು ಫಕ್ಕನೆ ಬಾಗಿಲು ತೆರೆದರು, ಅರ್ಧ ಮೀಸೆ ಹೋಯಿತು. ದರ್ಜಿ ಬೈದದ್ದು ಬಾಗಿಲು ತೆರೆದವರನ್ನೇ ಹೊರತು ಬಣ್ಣ ಬಳಿದವನನ್ನಲ್ಲ. ಅಂಥ ಹೊಳಪು. ಅದಕ್ಕೇ ಅವನಿಗೆ ಪಾಲಿಶಪ್ಪ ಎಂಬ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿತು.

ಊರಾಚೆ, ಸುತ್ತ ಗುಡ್ಡಗಳಿದ್ದ ತಗ್ಗಿನಲ್ಲಿ ಉಪಗ್ರಹದ ಭೂಕೇಂದ್ರ ಎದ್ದಿತು. ಮಗುಚಿ ಹಾಕಿದರೆ ಮೂರಂತಸ್ತಿನ ಮನೆಯನ್ನೇ ಮುಚ್ಚಬಹುದಾದಂಥ ಒಂದು ಬಿಳಿ ಆಂಟೆನಾ, ಆಕಾಶಕ್ಕೆ ಬಾಯಿ ತೆರೆದು ಕೂತಿತು. ಜನ ಅದನ್ನು ಬೋಗುಣಿ ಎಂದರು. ಹೊರದೇಶಕ್ಕೆ ಯಾರು ಫೋನು ಮಾಡಿದರೂ ಮಾತು ಮೊದಲು ಆ ಬೋಗುಣಿಗೆ ಬಂದು, ಅಲ್ಲಿಂದ ಮೇಲಕ್ಕೆ ಹಾರಿ, ಉಪಗ್ರಹಕ್ಕೆ ಬಡಿದು, ಇನ್ನೊಂದು ದೇಶದ ಇನ್ನೊಂದು ಬೋಗುಣಿಗೆ ಬೀಳಬೇಕು. ಬಿಸಿಲು ಮಳೆ ತಿಂದ ಬೋಗುಣಿಗೆ ಆಗಾಗ ಬಣ್ಣ ಬಳಿಯಲು ಒಬ್ಬ ಬೇಕಾಯಿತು. ಪಾಲಿಶಪ್ಪ ಹೋದ. ಸದ್ಯಕ್ಕೆ ತಾತ್ಕಾಲಿಕ, ಕೆಲಸ ಮೆಚ್ಚಿದರೆ ಖಾಯಂ, ಮೇಲೊಂದು ಕ್ವಾರ್ಟರ್ಸು.

ಅಲ್ಲಿದ್ದ ಎಂಜಿನಿಯರಮ್ಮ ಮೊದಲ ದಿನವೇ ಡಬ್ಬಿ ತೋರಿಸಿ ಹೇಳಿದಳು: "ಈ ಬಣ್ಣ ಒಂದೇ. ಇದರಲ್ಲಿ ಹೊಳಪಿಲ್ಲ, ಹೊಳಪು ಬೇಕಾಗಿಯೂ ಇಲ್ಲ. ತಿಳೀತಾ?"

"ತಿಳೀತು ಅಮ್ಮಾ," ಎಂದ. ಕಿವಿಗೆ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ.

ಹಗ್ಗದೇಣಿಯಲ್ಲಿ ಜೋತಾಡಿಕೊಂಡು ಇಡೀ ಬೋಗುಣಿ ಬಳಿದು ಕೆಳಗಿಳಿದ. ದೂರ ನಿಂತು ನೋಡಿದ. ಜ್ವರ ಬಂದು ಎದ್ದವರ ಮುಖದಂತೆ ಮಂಕಾಗಿತ್ತು. ಅಷ್ಟರಲ್ಲಿ ಊಟ ತಂದ ಹೆಂಡತಿ ತಲೆಯೆತ್ತಿ ನೋಡಿ, "ಇದೇನ್ರೀ, ಬಣ್ಣ ಬಳಿದ್ರೋ, ಬೂದಿ ಎರಚಿದ್ರೋ?" ಎಂದಳು.

ಅವನು ಊಟದ ಡಬ್ಬಿ ಪಕ್ಕಕ್ಕೆ ಸರಿಸಿದ. ನಾಳೆ ಊರವರು ಇದನ್ನು ನೋಡುತ್ತಾರೆ. ಪಾಲಿಶಪ್ಪನ ಕೈ ಬಿದ್ದುಹೋಯಿತು ಎನ್ನುತ್ತಾರೆ. ಕೆಲಸ ಖಾಯಂ ಆಗಬೇಕು, ನಿಜ. ಆದರೆ ಹೆಸರು ಹೋದ ಮೇಲೆ ಕ್ವಾರ್ಟರ್ಸು ಇಟ್ಟುಕೊಂಡು ಮಾಡುವುದೇನು? ತನ್ನ ಸ್ವಂತ ವಾರ್ನಿಶ್ ಡಬ್ಬಿಗಳನ್ನು ಊಟದ ಚೀಲದಲ್ಲಿ ತಂದು ತಂದು, ಮಂಕು ಬಣ್ಣದ ಮೇಲೆ ತೆಳುವಾಗಿ ಒಂದು ಕೈ ಎಳೆದೇಬಿಟ್ಟ.

ಅಯ್ಯಯ್ಯೋ, ಏನು ಹೊಳಪು! ಗುಡ್ಡದ ಮೇಲಿನ ರಸ್ತೆಯಲ್ಲಿ ಹೋಗುವ ಬಸ್ಸಿನವರು ನಿಲ್ಲಿಸಿ ನೋಡಿದರು. ದರ್ಜಿ ಇಡೀ ಸಂಸಾರ ಕಟ್ಟಿಕೊಂಡು ಬಂದ. "ಮಳೆಗೆ ತೊಳೆದುಕೊಂಡಿದೆ ಅಷ್ಟೇ," ಎಂದು ಎಂಜಿನಿಯರಮ್ಮನಿಗೆ ಒಂದು ಸುಳ್ಳು ಹೇಳಿ, ಕೆಲವು ದಿನ ಪಾಲಿಶಪ್ಪ ರಾಜನಂತೆ ಓಡಾಡಿದ.

ಆದರೆ ವರ್ಷಕ್ಕೆರಡು ಸಲ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಆಗ ಬೋಗುಣಿ ಸೀದಾ ಅವನ ಮುಖವನ್ನೇ ನೋಡುತ್ತದೆ. ಹೊಳೆಯುವ ಬೋಗುಣಿ ಮಾತು ಹಿಡಿದಂತೆಯೇ ಬಿಸಿಲನ್ನೂ ಹಿಡಿದು, ಎದುರು ಕಂಬದ ತುದಿಯ ಒಂದೇ ಜಾಗಕ್ಕೆ ಸುರಿಯುತ್ತದೆ. ಆ ಜಾಗದಲ್ಲೇ ಇತ್ತು ಮಾತು ಸೇರುವ ಕಹಳೆ, ಅದರ ಬಾಯಿಗೊಂದು ಪ್ಲಾಸ್ಟಿಕ್ ಮುಚ್ಚಳ. ಅಂಥ ದಿನ ಬಂದೇ ಬಂತು. ಅಲ್ಲೇ ಕೂತಿದ್ದ ಕಾಗೆಯೊಂದು ಬೆಂಕಿ ತುಳಿದಂತೆ ಕಿರುಚಿ ಹಾರಿತು. ಹಿಂದೆಯೇ ಹೊಗೆ ಎದ್ದಿತು. ಒಳಗೆ ಹೊರದೇಶದ ಫೋನುಗಳೆಲ್ಲ ಒಟ್ಟಿಗೆ ಮೂಕಾದವು.

ಬೋಗುಣಿಯನ್ನು ಪಕ್ಕಕ್ಕೆ ತಿರುಗಿಸಿ ಬೆಂಕಿ ಆರಿಸಿದ ಮೇಲೆ ಎಂಜಿನಿಯರಮ್ಮ ಅವನೆದುರು ನಿಂತಳು.

"ಏನು ಬಳಿದೆ?"

"ನೀವು ಕೊಟ್ಟ ಬಣ್ಣಾನೇ ಅಮ್ಮಾ."

"ಅದರ ಮೇಲೆ?"

"ಅದರ ಮೇಲೆ... ಸ್ವಲ್ಪ ಪ್ರೀತಿ."

"ಪ್ರೀತಿ ಜೊತೆಗೆ?"

"ವಾರ್ನಿಶ್," ಎಂದ, ನೆಲ ನೋಡುತ್ತ.

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಕೆಮ್ಮಿದಳು. ಪಾಲಿಶಪ್ಪ ಕೈಮುಗಿದ. "ಕೆಲಸದಿಂದ ತೆಗೀಬೇಡಿ ಅಮ್ಮಾ. ಈ ಕೇಂದ್ರ ಇರೋವರೆಗೂ ಈ ಕೈ ಇನ್ನು ಹೊಳಪು ಮುಟ್ಟಲ್ಲ. ಇಲ್ಲೂ ಇಲ್ಲ, ಮನೇಲೂ ಇಲ್ಲ."

"ಮನೆ ವಿಷಯ ನಾನು ಕೇಳಲಿಲ್ಲವಲ್ಲ?"

"ಮನೇಲಿ ಬಿಟ್ಟರೆ ಇಲ್ಲಿಗೂ ಬರುತ್ತೆ ಅಮ್ಮಾ. ಈ ಕೈ ನನಗೆ ಗೊತ್ತು."

ಅವನು ಮತ್ತೆ ಹಗ್ಗದೇಣಿ ಹತ್ತಿ, ತಾನೇ ಎಳೆದ ಹೊಳಪನ್ನು ಉಜ್ಜುಕಾಗದದಲ್ಲಿ ಅಂಗೈಯಗಲ ಅಂಗೈಯಗಲವಾಗಿ ಕೆರೆದು ತೆಗೆದ. ಹೆತ್ತ ಕೂಸಿನ ತಲೆ ಬೋಳಿಸಿದಂತಾಯಿತು. ಕೆಲಸವೇನೋ ಖಾಯಂ ಆಯಿತು. "ಇನ್ನು ಇವನಿಗಿಂತ ಮಂಕಾಗಿ ಬಳಿಯೋ ಗಂಡು ಸಿಗಲ್ಲ," ಎಂದು ಎಂಜಿನಿಯರಮ್ಮನೇ ಬರೆದು ಕೊಟ್ಟಳಂತೆ.

ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಉಳಿಸಿಕೊಂಡದ್ದು ಅವನು, ಅನುಭವಿಸಿದ್ದು ಮನೆಯವರು. ಕ್ವಾರ್ಟರ್ಸಿನ ಬಾಗಿಲು ಮಂಕು, ಕಿಟಕಿ ಮಂಕು. ಮಗಳು ಹುಟ್ಟಿದಳು, ತೊಟ್ಟಿಲು ಮಂಕು. ಮಗಳು ಬೆಳೆದು ಸೈಕಲ್ಲು ಕೇಳಿದಳು. ಅಂಗಡಿಯಿಂದ ಕೆಂಪಗೆ ಮಿರಮಿರ ಮಿಂಚುತ್ತ ಬಂದ ಸೈಕಲ್ಲು ಒಂದೇ ವಾರದಲ್ಲಿ ಅಪ್ಪನ ಬ್ರಶ್ಶಿಗೆ ಸಿಕ್ಕಿ ಬಿಳುಚಿಕೊಂಡಿತು.

"ನಾವು ಮನೇಲಿ ಬದುಕ್ತಾ ಇಲ್ಲ ಕಣೇ," ಎಂದು ಹೆಂಡತಿ ಪಕ್ಕದ ಮನೆಯಾಕೆಗೆ ಹೇಳುವಳು, "ಮೊಟ್ಟೆ ಒಳಗೆ ಬದುಕ್ತಾ ಇದೀವಿ. ಪಕ್ಕದೂರಿಗೆ ಹೋದ್ರೆ ಬಾಗಿಲು ಕಣ್ಣು ಕುಕ್ಕುತ್ತೆ, ಈ ಗಂಡನ ಮನೇಲಿ ಬಾಗಿಲು ಎಲ್ಲಿದೆ ಅಂತ ತಡಕಬೇಕು."

ಊರಿನಲ್ಲಿ ಬೇರೆ ಬಣ್ಣದವನು ಬಂದ, ಅವನಿಗೂ ಹೆಸರಾಯಿತು. ದರ್ಜಿ ತೀರಿಕೊಂಡ ಮೇಲೆ ಪಾಲಿಶಪ್ಪನ ಹೊಳಪನ್ನು ಕಣ್ಣಾರೆ ಕಂಡವರು ಕಡಿಮೆಯಾದರು. ಆ ಹೆಸರು ಯಾಕೆ ಬಂತೆಂದು ಹೊಸಬರು ಕೇಳಿದರೆ ಹಳಬರು, "ಬೂಟು ಪಾಲಿಶ್ ಮಾಡ್ತಿದ್ದನೇನೋ," ಎಂದುಬಿಡುವರು. ಅದೊಂದು ಅವನ ಎದೆಗೆ ಮುಳ್ಳಿನಂತೆ ನಾಟಿತು.

ಇತ್ತ ಕೇಂದ್ರ ಬೆಳೆಯಿತು. ಒಂದು ಬೋಗುಣಿಯ ಪಕ್ಕ ಇನ್ನೆರಡು ಬಂದವು. ಫೋನಿನ ಜೊತೆಗೆ ಟೀವಿಯ ಚಿತ್ರ ಬಂತು. ಅವನು ಮೂರಕ್ಕೂ ಸರದಿಯ ಮೇಲೆ ಮಂಕು ಬಳಿದ. ಆಮೇಲೆ ಸಮುದ್ರದ ತಳದಲ್ಲಿ ಕೂದಲೆಳೆಯಂಥ ಗಾಜಿನ ತಂತಿ ಹಾಸಿದರು. ಆಕಾಶ ಸುತ್ತಿ ಬರುತ್ತಿದ್ದ ಮಾತು ನೀರಡಿಯಲ್ಲೇ ಓಡತೊಡಗಿತು. ಬೋಗುಣಿಗಳು ಒಂದೊಂದಾಗಿ ಮುಖ ಮೇಲೆತ್ತಿ ಸುಮ್ಮನಾದವು. ಅವನ್ನು ಬಿಚ್ಚಿ ಲಾರಿಗೆ ಹಾಕಿದ ಮೇಲೆ ಆಜ್ಞೆ ಬಂತು: ಕೇಂದ್ರ ಮುಚ್ಚಿದೆ, ಕ್ವಾರ್ಟರ್ಸು ಖಾಲಿ ಮಾಡಿ, ಒಡೆಯುತ್ತೇವೆ.

ಹೊರಡುವ ಬೆಳಿಗ್ಗೆ ಲಾರಿ ಬಂದು ನಿಂತಿದೆ, ಗಂಡ ಕಾಣೆ. ಹೆಂಡತಿ ಮನೆಯೆಲ್ಲ ಹುಡುಕಿ ಮುಂಬಾಗಿಲಿಗೆ ಬಂದರೆ, ಹೊರಗೆ ಮೊಣಕಾಲೂರಿ ಬಾಗಿಲು ಬಳಿಯುತ್ತಿದ್ದಾನೆ! ಗಾಢ ಹಸಿರು. ಅದರಲ್ಲೇ ಬೆರೆಸಿದ ವಾರ್ನಿಶ್.

"ಬುದ್ಧಿ ಎಲ್ಲಿಟ್ರಿ? ನಾಳೆ ಒಡೆಯೋ ಬಾಗಿಲಿಗೆ ಇವತ್ತು ಬಣ್ಣವಾ?"

"ನಾಳೆ ತನಕ ಅದು ಬಾಗಿಲೇ ಅಲ್ವೇನೇ? ಕೇಂದ್ರ ಇರೋವರೆಗೆ ಅಂದಿದ್ದೆ. ಕೇಂದ್ರ ಹೋಯ್ತು."

"ಬೀರು ಇನ್ನೂ ಒಳಗಿದೆ!"

"ಹಿಂದಿನಿಂದ ತಗೊಂಡು ಹೋಗಲಿ. ಇದು ಹಸಿ."

ಲಾರಿಯವನು ಗೊಣಗುತ್ತ ಬೀರುವನ್ನು ಅಡುಗೆಮನೆಯ ಇಕ್ಕಟ್ಟಿನಲ್ಲಿ ಓರೆ ಮಾಡಿ, ಬೇಲಿ ದಾಟಿಸಿ ಹೊತ್ತ. ಹೊರಡಲು ನಿಂತಿದ್ದ ಅಕ್ಕಪಕ್ಕದವರೆಲ್ಲ ತಮ್ಮ ಗಂಟುಮೂಟೆ ಕೆಳಗಿಟ್ಟು ಬಂದು ಸೇರಿದರು. ಪಕ್ಕದ ಮನೆಯಾಕೆ, "ಅಯ್ಯೋ, ಇಷ್ಟು ವರ್ಷ ಈ ಕೈಯನ್ನ ಎಲ್ಲಿ ಬಚ್ಚಿಟ್ಟಿದ್ರಿ ಅಣ್ಣಾ?" ಎಂದಳು.

ಪಾಲಿಶಪ್ಪ ಹಿಂತಿರುಗಿ ನೋಡಲಿಲ್ಲ. ಅವನ ಕಿವಿ ಮಾತ್ರ ಕೆಂಪಾಯಿತು. ಹೆಂಡತಿ ಹತ್ತಿರ ಬಂದು, ಬಗ್ಗಿ, ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ಪರೀಕ್ಷೆ ಮಾಡಿದಳು.

"ಕೆಳಗಡೆ ಮೂಲೇಲಿ ಒಂದು ಚೂರು ಬಿಟ್ಟಿದೀರಿ."

"ಎಲ್ಲಿ?"

"ಅಲ್ಲಿ. ಬಳೀರಿ. ಕೈ ಹಾಕಿದ ಮೇಲೆ ನೆಟ್ಟಗೆ ಮಾಡಬೇಕು."

ಬಳಿದ. ಬಾಗಿಲು ಚೌಕಟ್ಟಿಗೆ ಅಂಟದಂತೆ ಒಂದು ಕಡ್ಡಿ ಸಿಗಿಸಿ ಓರೆ ಮಾಡಿದ. ಲಾರಿ ಹಾರನ್ ಹೊಡೆಯಿತು. ಮರೆತ ಚಪ್ಪಲಿ ಒಳಗಿತ್ತು. ಸುತ್ತು ಹಾಕಿ ಹಿಂದಿನಿಂದ ಹೋಗಿ ಮೆಟ್ಟಿಕೊಂಡ. ಆಮೇಲೆ, ಹಸಿರು ತೊಟ್ಟಿಕ್ಕುವ ಬ್ರಶ್ಶನ್ನು ಒಳ್ಳೆಯ ಅಂಗಿಗೆ ತಗುಲದಂತೆ ದೂರಕ್ಕೆ ಹಿಡಿದುಕೊಂಡು, ಅಡುಗೆಮನೆಯ ಬಾಗಿಲಿನಿಂದ ಅಡ್ಡಡ್ಡ ನಡೆಯುತ್ತ ಹೊರಗೆ ಬಂದ.