ಎದುರು ಮನೆಯ ಕಾಯಿನ್ ಪಂಡಿತರು

ಗಂಗಾನಗರದ ನಮ್ಮ ಎದುರು ಮನೆಯವರು ಸೈಟ್ ಬ್ರೋಕರು. ಬಿಟ್‌ಕಾಯಿನ್ ಗಾಳಿ ಬೀಸಿದ ವರ್ಷ ರಾತ್ರೋರಾತ್ರಿ ಅದರ ಪಂಡಿತರೂ ಆದರು. ನೋಟು ಎಣಿಸುವವರ ಹಾಗೆ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿಯೇ ಮೊಬೈಲ್ ಪರದೆ ಸರಿಸುತ್ತಿದ್ದರು. ಯಾರು ಏನೇ ಸಂಶಯ ಎತ್ತಲಿ, “ನಾನಿದೀನಲ್ಲ ಸಾರ್!” ಎನ್ನುವುದೊಂದೇ ಉತ್ತರ.

ಪಾರ್ಲರ್ ತೆರೆಯಲೆಂದು ಅವರ ತಂಗಿ ಕೂಡಿಟ್ಟಿದ್ದ ಹಣವನ್ನೂ ಇವರೇ ಯಾವುದೋ ಹೊಸ ಕಾಯಿನ್‌ಗೆ ಹಾಕಿಸಿದ್ದರು. ಬ್ಯಾಂಕುಗಳು ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳ ಕೈಬಿಡುತ್ತವೆ ಎಂಬ ಸುದ್ದಿ ಬಂದಾಗ, ಅದನ್ನೆಲ್ಲ ಎಕ್ಸ್‌ಚೇಂಜ್‌ನಿಂದ ಅವಳ ಫೋನಿನಲ್ಲೇ ಕಾಯಿನ್ ಇಟ್ಟುಕೊಳ್ಳುವ ಸ್ವಂತ ವಾಲೆಟ್‌ಗೆ ಸಾಗಿಸಲು ಒಂದು ಮಂಗಳವಾರ ಮಧ್ಯಾಹ್ನ ಕೂತರು. ನಾನೂ ಅಲ್ಲೇ ಇದ್ದೆ.

“ಅಣ್ಣಾ, ಕೆಂಪಕ್ಷರದಲ್ಲಿ ಏನೋ ಬಂತು. ಈ ಕಾಯಿನ್ ಈ ವಾಲೆಟ್‌ಗೆ ಆಗಲ್ವಂತೆ. ಮೊದ್ಲು ಚೂರು ಕಳ್ಸಿ ನೋಡೋಣ” ಎಂದಳು ತಂಗಿ.

“ಅಷ್ಟೊತ್ತಿಗೆ ರಾಹುಕಾಲ ಬಂದ್ಬಿಡತ್ತೆ ಕಣಮ್ಮಾ! ನಾನಿದೀನಲ್ಲ!”

ಕಾಯಿನ್‌ಗೊಂದು ಜಾತಿ, ವಾಲೆಟ್‌ಗೊಂದು ಜಾತಿ ಎಂಬಷ್ಟು ತಿಳಿಯದ ಈ ಪಂಡಿತರಿಗೆ ಪಂಚಾಂಗ ಮಾತ್ರ ಬಾಯಿಪಾಠ. ಬೆರಳು ನೆಕ್ಕಿ, ಎಲ್ಲವನ್ನೂ ಒಂದೇ ಏಟಿಗೆ ಕಳಿಸಿದರು. ಎಕ್ಸ್‌ಚೇಂಜ್‌ನಿಂದ ಹೋಯಿತು, ವಾಲೆಟ್‌ಗೆ ಬರಲೇ ಇಲ್ಲ. ಹೊಂದದ ವಾಲೆಟ್‌ಗೆ ಹೋದದ್ದನ್ನು ವಾಪಸ್ ತರಲಾಗದು ಎಂದು ಸಂಜೆ ಎಕ್ಸ್‌ಚೇಂಜ್‌ನವರ ಉತ್ತರ ಬಂತು. ತಂಗಿ ಅವರ ಕೈಯಿಂದ ಫೋನ್ ಕಿತ್ತುಕೊಂಡಳು.

“ನೀನು ಮಧ್ಯೆ ಬಾಯಿ ಹಾಕ್ದೆ, ಮೂರು ಗಂಟೆ ಮೀರೋಯ್ತು. ರಾಹುಕಾಲ್ದಲ್ಲಿ ಕಳ್ಸಿದ್ರೆ ಇನ್ನೇನಾಗತ್ತೆ?” ಎಂದು ಅವಳನ್ನೇ ಗದರಿದರು.

ಅವಳು ಚಪ್ಪಲಿ ಮೆಟ್ಟಿ ಗೇಟು ದಾಟುವ ಮೊದಲೇ ನನ್ನ ಕಡೆ ತಿರುಗಿದರು. “ನಿಮ್ದೇನಾದ್ರೂ ಇದ್ರೆ ತನ್ನಿ ಸಾರ್. ನಾಳೆ ದಿನ ಚೆನ್ನಾಗಿದೆ.”