ಮೆಟ್ಟಿಲಾದ ಕೋಟೆ ಕಲ್ಲು

“ಇದು ಕೋಟೆ ಕಲ್ಲು, ಮೆಟ್ಲಿಗೆ ಹಾಕ್ಸೀನಿ. ಬಲಗಾಲಿಟ್ಟು ಬರ್ರಿ,” ಎಂದರು ಭಾವ. ಚಿತ್ರದುರ್ಗದಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ಎತ್ತಿದ ನನ್ನ ಕಾಲು ಅಲ್ಲೇ ನಿಂತಿತು.

“ಲಂಡನ್ ಬಿಟ್ಟು ಪೋಲೆಂಡಿಗೆ ಹೋಗಿದ್ರಂತೆ! ಯುದ್ಧದಾಗ ಹಾಳಾದ ಊರಾಗೆ ನೋಡಾಕೆ ಏನೈತ್ರಿ?” ಎಂದು ನಕ್ಕರು ಬೇರೆ.

ಮೈ ಉರಿಯಿತು. ಕುರಿ ಸಾಕಣೆಯ ತರಬೇತಿಗೆಂದು ಹೋಗಿ ಹಿಂದಿನ ತಿಂಗಳಷ್ಟೇ ಪೋಲೆಂಡಿನಿಂದ ಮರಳಿದ್ದೆ. ಬಾಂಬಿಗೆ ನೆಲಸಮವಾದ ವಾರ್ಸಾದ ಹಳೇ ಪೇಟೆಯನ್ನು ಅಲ್ಲಿಯ ಜನ ಇಟ್ಟಿಗೆ ಹೆಕ್ಕಿ ಮೊದಲಿದ್ದಂತೆಯೇ ಕಟ್ಟಿಕೊಂಡಿದ್ದಾರೆ. ಗೋಡೆಗೆ ಬೂಟುಗಾಲು ಕೊಟ್ಟು ನಿಂತವನೊಬ್ಬನನ್ನು ಮುದುಕಿಯೊಬ್ಬಳು ಗದರಿ ಸರಿಸಿ, ಗೋಡೆಯನ್ನು ತನ್ನ ಕರವಸ್ತ್ರದಿಂದ ಒರೆಸಿದ್ದಳು. ಇಲ್ಲಿ ಫಿರಂಗಿಗೂ ಜಗ್ಗದ ಕೋಟೆಗೆ ನಾವೇ ಹಾರೆ ಹಾಕಿದ್ದೇವೆ!

ಅಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಭಾವ ಈಗಲೂ ಮುಂಬಾಗಿಲಲ್ಲಿ ನಿಂತು ಕರೆಯುತ್ತಾರೆ. ನಾನು ಈಗಲೂ ಸುತ್ತಿ ಬಳಸಿ ಹಿತ್ತಲಿಗೇ ಹೋಗುತ್ತೇನೆ.