ಬೂದಿಗೆರೆ ದಾರಿಯಲ್ಲಿ ತೋರಿಸಿದ ತಾಯಿ

ನೆಲಮಂಗಲದಿಂದ ನಾವು ಹೊರಟಾಗ ಭಾನುವಾರದ ಮಂಜು ಇನ್ನೂ ಬಿಟ್ಟಿರಲಿಲ್ಲ. ಕಾರಿನಲ್ಲಿ ಮೂವರಿದ್ದೆವು: ಸೋಂಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ನನ್ನ ಗಂಡ ಮಂಜುನಾಥ, ಎರಡನೇ ತರಗತಿಯ ಮಗಳು ಸಿರಿ ಮತ್ತು ನಾನು. ಹಿಂದಿನ ಸೀಟಿನಲ್ಲಿ ಸಿರಿಯ ಪಕ್ಕ ಹಳೆಯ ಟವೆಲ್ ಹಾಸಿದ ಒಂದು ರಟ್ಟಿನ ಪೆಟ್ಟಿಗೆ. ಅದಕ್ಕೂ ಅವಳು ಸೀಟ್ ಬೆಲ್ಟ್ ಹಾಕಿದ್ದಳು.

ಮನೆಗೊಂದು ನಾಯಿಮರಿ ಬೇಕೆಂಬುದು ಅವಳ ಬಹಳ ದಿನದ ಆಸೆ. ನಾವು ಬಾಡಿಗೆಗಿರುವುದು ಮೊದಲ ಮಹಡಿಯಲ್ಲಿ. ಚಿಕ್ಕ ಜಾತಿಯದಾದರೆ ಸಾಕಿಕೊಳ್ಳಿ ಎಂದು ಮನೆ ಮಾಲೀಕರು ಒಪ್ಪಿದ ಮೇಲೆ ನಮಗೆ ತಪ್ಪಿಸಿಕೊಳ್ಳಲು ನೆಪ ಉಳಿಯಲಿಲ್ಲ. ಆದರೆ ಅಂಗಡಿಯ ಗಾಜಿನ ಹಿಂದಿಟ್ಟ ಮರಿ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದೆ. ಎರಡು ತಿಂಗಳು ತುಂಬದ ಮರಿ ತರಬಾರದು, ಹುಟ್ಟಿದ ಜಾಗ ನೋಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ತಾಯಿಯನ್ನು ನೋಡಬೇಕು. ತಾಯಿಯನ್ನು ತೋರಿಸದವರ ಹತ್ತಿರ ಮರಿ ತೆಗೆದುಕೊಳ್ಳಲೇಬಾರದು.

ದೊಡ್ಡಬಳ್ಳಾಪುರದವರೆಗೆ ರಸ್ತೆ ಸಲೀಸಾಗಿತ್ತು. ಊರೊಳಗೆ ಒಂದು ಚಿಕ್ಕ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಮಂಜುವಿನ ಸಹೋದ್ಯೋಗಿಯೊಬ್ಬರು ಹೇಳಿದ್ದ ನೇಕಾರರ ಮನೆ ಹುಡುಕಿಕೊಂಡು ಹೋದೆವು. ಗಲ್ಲಿಯ ತುಂಬ ಮಗ್ಗದ ಸದ್ದು. ಮನೆಯೊಡತಿ ಸರೋಜಮ್ಮ ನಮ್ಮನ್ನು ಮಗ್ಗದ ಪಕ್ಕದ ಕೋಣೆಗೆ ಕರೆದೊಯ್ದರು. ಅಲ್ಲಿ ಗೋಣಿಚೀಲದ ಮೇಲೆ ಬಿಳಿ ಪಾಮೇರಿಯನ್ ನಾಯಿಯೊಂದು ನಾಲ್ಕು ಮರಿಗಳಿಗೆ ಹಾಲೂಡುತ್ತಿತ್ತು. ಅಷ್ಟು ಗದ್ದಲದಲ್ಲೂ ಮರಿಗಳು ಕುಡಿಯುತ್ತಲೇ ನಿದ್ದೆ ಹೋಗುತ್ತಿದ್ದವು. ಕರೆಂಟು ಹೋಗಿ ಮಗ್ಗ ನಿಂತರೇ ಇವು ಎದ್ದು ಕಿರುಚುವುದು ಎಂದು ಸರೋಜಮ್ಮ ನಕ್ಕರು.

"ಇವತ್ತೇ ತಗೊಂಡೋಗ್ಬೋದಾ ಆಂಟಿ?" ಸಿರಿ ಕೇಳಿದಳು.

"ಅಯ್ಯೋ ಕಂದಾ, ಇನ್ನೂ ಅಮ್ಮನ್ನ ಬಿಟ್ಟು ಒಂದು ಗಳಿಗೆ ಇರಲ್ಲ ಇವು. ನೀನು ಇರ್ತೀಯಾ?"

ಸಿರಿ ನನ್ನ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿದಳು. ನಾಲ್ಕೂ ಮರಿಗಳನ್ನು ನೆಂಟರು ಆಗಲೇ ಕೇಳಿಟ್ಟಿದ್ದರು. ಆದರೂ ಸರೋಜಮ್ಮ ನಮ್ಮನ್ನು ಬಿಡಲಿಲ್ಲ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ನಾಯಿಯನ್ನು ಎಲ್ಲಿ ಬಿಡುತ್ತೀರಿ, ಬೇಸರ ಬಂದರೆ ರಸ್ತೆಗೆ ಬಿಡುತ್ತೀರೋ ಹೇಗೆ ಎಂದೆಲ್ಲ ವಿಚಾರಿಸಿ, ಕಾಫಿ ಕೊಟ್ಟು ಕಳಿಸಿದರು.

"ನಿಮ್ಮಪ್ಪ ಹೆಣ್ಣು ಕೊಡೋವಾಗ್ಲೂ ನನ್ನ ಇಷ್ಟು ಕೇಳ್ಲಿಲ್ಲ ಕಣೇ," ಎಂದ ಮಂಜು ಕಾರು ತಿರುಗಿಸುತ್ತ. ಮೂವರೂ ನಕ್ಕೆವು. ಬಿಸಿಲು ಬಂದಿತ್ತು. ಆ ನಗು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಆಮೇಲೆ ಆ ದಿನ ಬಹಳ ಹೊತ್ತು ಯಾರೂ ನಗಲಿಲ್ಲ.

ದೇವನಹಳ್ಳಿ ದಾಟಿ ಬೂದಿಗೆರೆ ಕಡೆ ಹೊರಳಿದೆವು. ರಸ್ತೆಯ ಒಂದು ಬದಿಗೆ ದ್ರಾಕ್ಷಿ ಚಪ್ಪರ, ಇನ್ನೊಂದು ಬದಿಗೆ ಬಣ್ಣದ ಬಾವುಟ ನೆಟ್ಟ ಹೊಸ ಲೇಔಟು, ತಲೆಯ ಮೇಲೆ ಚಕ್ರ ಬಿಟ್ಟುಕೊಂಡು ಇಳಿಯುವ ವಿಮಾನಗಳು. ಫೋನಿನಲ್ಲಿ ಮಾತಾಡಿದ್ದ ಮರಿ ಮಾರಾಟಗಾರನ ಶೆಡ್ಡು ಒಂದು ಲೇಔಟಿನ ಮೂಲೆಯಲ್ಲಿತ್ತು. ತಗಡಿನ ಮಾಡಿನ ಕೆಳಗೆ ಸಾಲಾಗಿ ಪಂಜರಗಳು. ಫಿನಾಯಿಲ್ ವಾಸನೆ ಜೋರಾಗಿತ್ತು. ಮಾರಾಟಗಾರ ಮೂವತ್ತರ ಆಸುಪಾಸಿನವನು, ಮೆತ್ತಗೆ ಮಾತಾಡುವವನು. ನಾವು ಕೇಳುವ ಮೊದಲೇ ಅವನು ಒಂದು ಬಿಳಿ ಮರಿಯನ್ನು ತೆಗೆದು ಸಿರಿಯ ಕೈಗೆ ಕೊಟ್ಟುಬಿಟ್ಟ. ಮರಿಯ ಕಣ್ಣಂಚಿನಲ್ಲಿ ಪಿಸುರಿತ್ತು. ಅದು ಅವಳ ಸ್ವೆಟರಿನೊಳಗೆ ಮೂತಿ ತೂರಿಸಿ ಸುಮ್ಮನಾಯಿತು.

"ತಾಯಿ ಎಲ್ಲಿದೆ?" ಎಂದೆ.

"ತಾಯಿ ತೋಟದಲ್ಲೈತೆ ಮೇಡಂ. ನಂಬ್ಕೊಂಡು ತಗೊಳ್ಳಿ, ಒಳ್ಳೆ ಮರಿ."

"ತಾಯಿ ನೋಡ್ದೆ ನಾವು ತಗೊಳಲ್ಲ."

"ತಾಯಿ ನೋಡ್ಲೇಬೇಕು ಗುರು," ಎಂದು ಮಂಜುವೂ ದನಿಗೂಡಿಸಿದ. "ಅದಿಲ್ದೆ ಮಾತೇ ಬೇಡ."

ಮಾರಾಟಗಾರ, "ಒಂದೈದು ನಿಮಿಷ," ಎಂದು ಲೇಔಟಿನ ಕಡೆ ಹೋದ. ನನಗೆ ಒಳಗೊಳಗೇ ಸಮಾಧಾನವಾಯಿತು. ಓದಿದ್ದು ಕೆಲಸಕ್ಕೆ ಬಂತು ಅಂದುಕೊಂಡೆ.

ಅವನು ಹಗ್ಗ ಹಿಡಿದು ತಂದದ್ದು ಬಿಳಿ ಬಣ್ಣದ, ಮೊಣಕಾಲೆತ್ತರದ ಒಂದು ಹೆಣ್ಣು ನಾಯಿ. ಅದು ಕಾಲೂರಿ ಹಿಂದಕ್ಕೆ ಜಗ್ಗುತ್ತಿತ್ತು. ಪಂಜರಗಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದರ ಹೊಟ್ಟೆ ಬಿಗಿಯಾಗಿತ್ತು, ಹಾಲೂಡಿದ ಗುರುತೇ ಇರಲಿಲ್ಲ. ಒಂದು ಗಂಟೆ ಕೆಳಗಷ್ಟೇ ಸರೋಜಮ್ಮನ ಮನೆಯಲ್ಲಿ ಹಾಲೂಡುವ ತಾಯಿಯನ್ನು ಕಂಡು ಬಂದಿದ್ದೆ. ಇದು ತಾಯಿಯಲ್ಲ ಎಂದು ನನಗೆ ಹೊಳೆಯಿತು. ಹೊಳೆದದ್ದು ಬಾಯಿಗೆ ಬರುವಷ್ಟರಲ್ಲಿ ಸಿರಿ ಮುಂದೆ ಹೋಗಿಬಿಟ್ಟಿದ್ದಳು. ಎರಡೂ ಕೈಯಲ್ಲಿ ಮರಿಯನ್ನು ಹಿಡಿದು, ಬಗ್ಗಿ, ಆ ನಾಯಿಯ ಮೂತಿಯ ಹತ್ತಿರ ಒಯ್ದು, "ನೋಡು, ನಿನ್ ಪಾಪು," ಅಂದಳು.

ಆಮೇಲಿನದನ್ನು ಎಷ್ಟು ಸಲ ನೆನೆದರೂ ಒಂದೇ ಕ್ರಮದಲ್ಲಿ ನೆನಪಾಗುವುದಿಲ್ಲ. ಒಮ್ಮೆ ಮೊದಲು ಹಲ್ಲು ಕಾಣುತ್ತದೆ. ಒಮ್ಮೆ ಕಿರುಚಿದ್ದು ಮೊದಲು ಕೇಳುತ್ತದೆ, ಅದು ಮರಿಯದೋ ಸಿರಿಯದೋ ನನ್ನದೋ ತಿಳಿಯುವುದಿಲ್ಲ. ನಾಯಿ ಅವಳ ಕೆನ್ನೆಗೇ ಬಾಯಿ ಹಾಕಲು ಬಂದಿತ್ತು. ಮಂಜು ಅವಳ ಸ್ವೆಟರಿನ ಬೆನ್ನು ಹಿಡಿದು ಹಿಂದಕ್ಕೆಳೆದಿದ್ದರಿಂದ ಹಲ್ಲಿಗೆ ಸ್ವೆಟರಿನ ತೋಳು ಸಿಕ್ಕಿತು. ಉಲ್ಲನ್ ಹರಿಯಿತು. ಮರಿ ನೆಲಕ್ಕೆ ಬಿದ್ದು ಪಂಜರದ ಕೆಳಗೆ ತೂರಿಕೊಂಡಿತು. ಮಂಜುವಿನ ಕೈ ಒಂದು ಗೇಣು ಆಚೆ ಇದ್ದಿದ್ದರೆ? ಇದನ್ನು ಬರೆಯುವಾಗಲೂ ಆ ಪ್ರಶ್ನೆಯ ಹತ್ತಿರ ಬಂದು ಪೆನ್ನು ನಿಲ್ಲುತ್ತದೆ.

ತೋಳು ಸರಿಸಿ ನೋಡಿದೆವು. ರಕ್ತ ಬಂದಿರಲಿಲ್ಲ. ಮುಂಗೈ ಮೇಲೆ ಕೆಂಪಗೆ ಎರಡು ತರಚು ಗೆರೆಗಳಿದ್ದವು. ಮಾರಾಟಗಾರ ನಾಯಿಯನ್ನು ಕಂಬಕ್ಕೆ ಬಿಗಿದು ಓಡಿಬಂದು ನಲ್ಲಿ ಬಿಟ್ಟ, ಸೋಪು ತಂದ. ಕಾಲು ಗಂಟೆ ನಾನು ಆ ಗೆರೆಗಳನ್ನು ತೊಳೆಯುತ್ತಲೇ ಇದ್ದೆ.

"ಯಾರ ನಾಯಿನೋ ಇದು?" ಮಂಜು ಅವನ ಕಾಲರ್ ಹಿಡಿದಿದ್ದ.

"ಲೇಔಟು ವಾಚ್‌ಮನ್‌ದು ಸಾರ್. ತಪ್ಪಾಯ್ತು ಸಾರ್. ಬಂದೋರೆಲ್ಲಾ ತಾಯಿ ತೋರ್ಸು ತಾಯಿ ತೋರ್ಸು ಅಂತಾರೆ. ಮರಿಗಳು ಬಾಕ್ಸಲ್ಲಿ, ಬಸ್ಸಲ್ಲಿ ಬರ್ತವೆ. ತಾಯಿನ ನಾನೆಲ್ಲಿಂದ ತರ್ಲಿ?"

ಮಂಜು ಕಾಲರ್ ಬಿಟ್ಟ. ಮಾರಾಟಗಾರ ಮೊದಲು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದನಂತೆ, ಕೊರೋನಾ ಬಂದಾಗ ಗಾಡಿ ಹೋಯಿತಂತೆ. ಅವನ ಮೇಲೆ ಸಿಟ್ಟೂ ಇತ್ತು, ಪೂರ್ತಿ ಸಿಟ್ಟಾಗಲೂ ಆಗಲಿಲ್ಲ. ಕಾರು ಹತ್ತುವಾಗ ಸಿರಿ ಅಳುತ್ತಲೇ, "ಆ ಮರಿಗೆ ಅಮ್ಮ ಇಲ್ವಾ?" ಎಂದಳು. ನಾನು ಬಾಗಿಲು ಹಾಕಿದೆ. ಅದನ್ನು ನಾವು ಎತ್ತಿಕೊಂಡು ಬಂದರೆ ಆ ಪಂಜರಕ್ಕೆ ಮರುದಿನವೇ ಇನ್ನೊಂದು ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಾರು ತಿರುಗುವವರೆಗೆ ಆ ಪಂಜರದ ಕಡೆಯೇ ನೋಡುತ್ತಿದ್ದೆ. ಆ ವಾರವೇ ಪಶುಪಾಲನಾ ಇಲಾಖೆಗೆ ದೂರು ಬರೆದೆವು. ಮರಿಗಳು ಏನಾದವೋ ನನಗೆ ಇಂದಿಗೂ ತಿಳಿದಿಲ್ಲ.

ದೇವನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದು ಹಾಕಿದರು. ಇನ್ನು ಮೂರು ಸಲ ಹಾಕಿಸಬೇಕು, ಅದನ್ನು ನೆಲಮಂಗಲದಲ್ಲೇ ಹಾಕಿಸಿಕೊಳ್ಳಬಹುದು ಎಂದರು. ನಾಯಿಯ ಮೇಲೆ ಹತ್ತು ದಿನ ಕಣ್ಣಿಡಲೂ ಹೇಳಿದರು. (ಆ ನಾಯಿ ಚೆನ್ನಾಗಿಯೇ ಇತ್ತು. ವಾಚ್‌ಮನ್ ದಿನಾ ಫೋನು ಎತ್ತಿ ಹೇಳುತ್ತಿದ್ದ, ಪಾಪ.) ಸೂಜಿಗೆ ಸಿರಿ ಅಳಲಿಲ್ಲ. ಆದರೆ ಗೇಟಿನ ಹತ್ತಿರ ಬಿಸಿಲು ಕಾಯುತ್ತ ಮಲಗಿದ್ದ ಒಂದು ಮುದಿ ಬೀದಿನಾಯಿಯನ್ನು ಕಂಡದ್ದೇ ಅಪ್ಪನ ಮೈಮೇಲೆ ಏರಿ ಕುತ್ತಿಗೆ ಅವುಚಿಕೊಂಡಳು. ಅದು ಕಣ್ಣು ಕೂಡ ತೆರೆದಿರಲಿಲ್ಲ. ಬೀದಿಯ ಪ್ರತಿ ನಾಯಿಗೂ ಹೆಸರಿಟ್ಟಿದ್ದ ಹುಡುಗಿ ಇವಳು. ಈ ಹೆದರಿಕೆ ಇವಳೊಳಗೆ ಹೀಗೇ ಕೂತುಬಿಟ್ಟರೆ ಎಂದು ನನಗೆ ಆಗ ನಿಜವಾಗಿ ಭಯವಾಯಿತು.

ನನ್ನ ಕಾಲೇಜಿನ ಗೆಳತಿ ಶಾಹೀನಾ ದೇವನಹಳ್ಳಿಯಲ್ಲೇ ಶಿಕ್ಷಕಿ. ಫೋನು ಮಾಡಿದ್ದೆ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಓಡಿಬಂದಳು.

"ನಡಿ, ನಲ್ಲೂರಿಗೆ ಹೋಗೋಣ. ಅವರೆಕಾಯಿ ಕೊಡೋ ಮುನಿಯಮ್ಮನ ಮನೇಲಿ ಊಟ. ಅಲ್ಲೂ ಮರಿ ಇದಾವೆ, ನೀನು ಬರ್ತೀಯ ಅಂತ ಹೇಳಿಟ್ಟಿದ್ದೆ."

"ನಾಯಿ ಇರೋ ಮನೆಗೆ ಇವತ್ತು ಬೇಡ ಕಣೇ."

"ಮರಿ ತಗೋ ಅಂದ್ನಾ? ಊಟ ಮಾಡು ಅಂದೆ. ನೀನು ಹೀಗೇ ನಡುಗ್ತಾ ಇದ್ರೆ ಮಗು ನಿನ್ನ ನೋಡಿ ಇನ್ನೂ ನಡುಗುತ್ತೆ. ಕಾರು ಹತ್ತು!"

ನಲ್ಲೂರು ಅಲ್ಲಿಂದ ಕಾಲು ಗಂಟೆಯ ದಾರಿ. ಹುಣಸೆ ತೋಪಿನ ಬಳಿ ಕಾರು ನಿಧಾನಿಸಿದೆವು. ಒಂದೊಂದು ಮರದ ಬೊಡ್ಡೆಯೂ ತಿರುಚಿಕೊಂಡು, ಸೀಳಿಕೊಂಡು ಒಂದೊಂದು ಕೋಣೆಯಷ್ಟಿತ್ತು. ಬೇರೆ ದಿನವಾಗಿದ್ದರೆ ಸಿರಿ ಇಳಿದು ಓಡುತ್ತಿದ್ದಳು. ಅಂದು ಕಿಟಕಿಯ ಗಾಜನ್ನೂ ಇಳಿಸಲಿಲ್ಲ.

ಮುನಿಯಮ್ಮನವರ ಮನೆಯ ಮುಂದೆ ದೊಡ್ಡ ಅಂಗಳ. ಜಗಲಿಯಲ್ಲಿ ಅವರೆಕಾಯಿ ರಾಶಿ, ಅದರ ಸೊಗಡು ರಸ್ತೆಗೇ ಬರುತ್ತಿತ್ತು. ಚಿನ್ನಿ ಎಂಬ ಹೆಸರಿನ ಕಂದು ನಾಯಿ ಬಾಲ ಎತ್ತಿ ನಿಂತಿತ್ತು. ಬೆಕ್ಕಿಗಿಂತ ತುಸು ದೊಡ್ಡದು. ಹಿಂದೆ ಎರಡು ಮರಿ. ನಾನು ಕಾರಿನಿಂದಿಳಿಯದೆಯೇ ಕೇಳಿದ್ದು ಒಂದೇ ಮಾತು, ಇದಕ್ಕೆ ಇಂಜೆಕ್ಷನ್ ಆಗಿದೆಯಾ ಎಂದು.

"ವರ್ಷಾ ವರ್ಷಾ ಹಾಕಿಸ್ತೀವಿ ಕಣವ್ವ. ಮರಿಗೂ ಜಂತಿನ ಔಸ್ತಿ ಕುಡಿಸೈತೆ. ಎರಡು ತಿಂಗ್ಳು ದಾಟ್ತು. ಬಾ, ಕೂತ್ಕೋ ಮೊದ್ಲು."

ನಾಯಿಯನ್ನು ಕಟ್ಟಿಹಾಕಿ ಎಂದೆ. ಮುನಿಯಮ್ಮ ಕಟ್ಟಲಿಲ್ಲ. ಸಿರಿಯನ್ನು ಜಗಲಿಯ ಮೇಲೆ ನನ್ನ ಮಡಿಲಲ್ಲಿ ಕೂರಿಸಿ, ಮುಂದೆ ಒಂದು ಮೊರದಷ್ಟು ಅವರೆಕಾಯಿ ಸುರಿದರು. ಆ ಮನೆಯಲ್ಲಿ ಮರಿ ಕೇಳಿಕೊಂಡು ಬಂದವರು ಮೊದಲು ಕೂತು ಕಾಯಿ ಸುಲಿಯಬೇಕು, ಊಟ ಮಾಡಬೇಕು. ಮರಿಗೆ ಕೈ ಹಾಕುವಂತಿಲ್ಲ. ಅಷ್ಟು ಹೊತ್ತೂ ಚಿನ್ನಿ ಹಗ್ಗವಿಲ್ಲದೆಯೇ ಓಡಾಡುತ್ತಿರುತ್ತದೆ. ಬಂದವರ ಹತ್ತಿರ ಅದು ತಾನಾಗಿ ಮಲಗಿದರೆ ಮಾತ್ರ ಮರಿ ಕೊಡುವುದು, ಇಲ್ಲವಾದರೆ ಅವರೆಕಾಯಿ ಕಟ್ಟಿಕೊಟ್ಟು ಕಳಿಸುವುದು. ಅವರ ಅತ್ತೆಯ ಕಾಲದಿಂದಲೂ ಹೀಗೆಯೇ ಅಂತೆ.

"ಹೋದ್ಸಲ ಬೆಂಗ್ಳೂರಿಂದ ಬಂದ ಒಬ್ಬ ಮೂರು ಮೊರ ಸುಲಿದ," ಎಂದಳು ಶಾಹೀನಾ. "ಚಿನ್ನಿ ಹತ್ರಾನೂ ಹೋಗ್ಲಿಲ್ಲ. ಮುನಿಯಮ್ಮಂಗೆ ಪುಗಸಟ್ಟೆ ಕೆಲಸ ಆಯ್ತು."

"ಸುಮ್ಕಿರು ತಾಯಿ, ಅವನ ಉಗುರು ಸುಲಿಯಾಕೆ ಬಲು ಚೆನ್ನಾಗಿತ್ತು," ಎಂದರು ಮುನಿಯಮ್ಮ.

ಸಿರಿ ಎರಡೂ ಕಾಲು ಮೇಲೆತ್ತಿಕೊಂಡು ಕೂತಿದ್ದಳು. ಚಿನ್ನಿ ಬಂದು ಮಂಜುವಿನ ಚಪ್ಪಲಿ ಮೂಸಿತು, ನನ್ನ ಸೀರೆಯಂಚು ಮೂಸಿತು. ಅದು ಹೋಯಿತು, ಮತ್ತೆ ಬಂತು. ಯಾರೂ ಅದನ್ನು ಕರೆಯಲಿಲ್ಲ, ಓಡಿಸಲೂ ಇಲ್ಲ. ಮುದ್ದೆ, ಅವರೆಕಾಳಿನ ಸಾರು ಬಂತು. ಊಟ ಮುಗಿಯುವ ಹೊತ್ತಿಗೆ ಚಿನ್ನಿ ಜಗಲಿಯ ಕೆಳಗೆ, ಸಿರಿಯ ಚಪ್ಪಲಿಗಳ ಪಕ್ಕ, ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಮಲಗಿತು. ಸಿರಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಒಂದು ಕಾಲು ಕೆಳಗಿಳಿಸಿದಳು. ಹೆಬ್ಬೆರಳು ಚಿನ್ನಿಯ ಬೆನ್ನಿಗೆ ತಾಗಿತು.

ಮರಿ ಬೇಡ, ಇನ್ನೊಂದು ದಿನ ಬರುತ್ತೇವೆ ಎಂದು ನಾನೇ ಹೇಳಿದೆ. ಸಿರಿ ತಿರುಗಿ, "ಯಾಕಮ್ಮ? ಅದು ಮಲಗ್ತಲ್ಲ," ಅಂದಳು. ಮಂಜು ನನ್ನ ಮುಖ ನೋಡಿದ. ಬೇಡ ಎನ್ನುವುದಕ್ಕೆ ನನ್ನ ಹೆದರಿಕೆಯ ಹೊರತು ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಮುನಿಯಮ್ಮ ದುಡ್ಡು ಮುಟ್ಟಲಿಲ್ಲ. ತಾಯಿ ಮಲಗುತ್ತಿದ್ದ ಗೋಣಿಯ ಒಂದು ತುಂಡು ಹರಿದು ಪೆಟ್ಟಿಗೆಗೆ ಹಾಸಿ, "ವಾಸ್ನೆ ಇದ್ರೆ ರಾತ್ರಿ ಅಳಲ್ಲ," ಎಂದು ಹೆಣ್ಣು ಮರಿಯನ್ನು ಇಟ್ಟರು. ಶಾಹೀನಾ ಬಸ್ಸಿಗೆ ಹೋಗುತ್ತೇನೆಂದು ಅಲ್ಲೇ ಉಳಿದಳು.

ಕಾರು ತೋಪಿನವರೆಗೆ ಬಂದಾಗ ಮಂಜು ಕನ್ನಡಿಯಲ್ಲಿ ನೋಡಿ ಬ್ರೇಕು ಹಾಕಿದ. ಚಿನ್ನಿ ರಸ್ತೆಯ ಧೂಳಿನಲ್ಲಿ ನಾಲಿಗೆ ಚಾಚಿ ಓಡಿಬರುತ್ತಿತ್ತು. "ಬಾಗ್ಲು ತೆಗೀಲಾ?" ಎಂದಳು ಸಿರಿ. ನಾನು ಬೇಡ ಎನ್ನುವಷ್ಟರಲ್ಲಿ ತೆಗೆದಿದ್ದಳು. ಮರಿ ಆಗಲೇ ಪೆಟ್ಟಿಗೆಯಿಂದ ಅವಳ ಮಡಿಲಿಗೆ ಬಂದಿತ್ತು. ಚಿನ್ನಿ ಮುಂಗಾಲೆರಡನ್ನೂ ಸೀಟಿನಂಚಿಗೆ ಊರಿ ಮೇಲೆದ್ದಿತು. ಅದರ ಮೂತಿಗೂ ನನ್ನ ಮಗಳ ಮುಖಕ್ಕೂ ನಡುವೆ ಒಂದು ಗೇಣಿರಲಿಲ್ಲ. ಮುಂದಿನ ಸೀಟಿನಿಂದ ನನ್ನ ಕೈ ತಾನಾಗಿ ಹಿಂದಕ್ಕೆ ಚಾಚಿ, ಅಡ್ಡ ನಿಂತಿತು. ಆ ಶೆಡ್ಡಿನಲ್ಲಿ ಏಳದ ಕೈ ಈಗ ಎದ್ದಿತ್ತು.

"ಅಮ್ಮಾ, ಕೈ ತೆಗಿ," ಎಂದಳು ಸಿರಿ. "ಅದಕ್ಕೆ ಮರಿ ಕಾಣ್ತಿಲ್ಲ."

ನಾನು ಕೈ ತೆಗೆದೆ.